ಜೂನಿನಲ್ಲಿ ಎಷ್ಟು ಬೋಟು

ಪ್ರಶ್ನೆಗಳು ನನ್ನವಲ್ಲ. ಮೊದಲೇ ಹೇಳಿಬಿಡುತ್ತೇನೆ.
ಇಪ್ಪತ್ತೆರಡು ಪ್ರಶ್ನೆ, ಅಡಿಯಲ್ಲಿ ಉತ್ತರ,
ಸೆರಾವೊ ಮೇಡಂ ಪ್ರಿಂಟ್ ತೆಗೆದು ಕೊಟ್ಟದ್ದು,
ಮೂಲೆಯಲ್ಲಿ ಚಹಾದ ಬಳೆ.

ಕೊಡಿಯಾಲ್‌ಬೈಲಿನ ಮೂರನೇ ಮಹಡಿ.
ಕೆಳಗೆ ರಕ್ತಪರೀಕ್ಷೆಯ ಲ್ಯಾಬ್. ಬರಿಹೊಟ್ಟೆಯವರ ಸಾಲಿನಲ್ಲಿ
ನಮ್ಮ ಅಭ್ಯರ್ಥಿಗಳೂ ಒಮ್ಮೊಮ್ಮೆ ತಪ್ಪಿ ನಿಲ್ಲುವುದುಂಟು.

ಇವಳು ಮುಫೀದಾ. ಉಳ್ಳಾಲದ ಕೋಟೆಪುರದಿಂದ
ಎರಡು ಬಸ್ಸು. ಹತ್ತಕ್ಕೆ ಬರಹೇಳಿದ್ದು, ಒಂಬತ್ತಕ್ಕೇ ಬಂದಿದ್ದಾಳೆ.
ಲಿಂಕ್ಡ್ ಲಿಸ್ಟನ್ನು ತಿರುಗಿಸುವುದು ಹೇಗೆ, ಕೇಳಿದೆ.
ಕೇಳಿ ಮುಗಿಸುವ ಮೊದಲೇ ತಿರುಗಿಸಿದಳು.
ಹಿಂದಿನದು, ಈಗಿನದು, ಮುಂದಿನದು,
ಮೂರು ಕೊಂಡಿ, ಮೂರು ಬೆರಳು, ಒಂದೇ ಉಸಿರು,
ಹದಿನೇಳರ ಮಗ್ಗಿ ಒಪ್ಪಿಸಿದ ಹಾಗೆ.
ಹ್ಯಾಷ್ ಟೇಬಲ್ ಎಂದೆ. ಬಂತು.
ಡೆಡ್‌ಲಾಕ್ ಎಂದೆ. ನಾಲ್ಕು ಕಾರಣ, ಹಾಳೆಯಲ್ಲಿದ್ದ ಕ್ರಮದಲ್ಲೇ;
ಮೂರನೆಯದರ ಮುಂದೆ ಸಣ್ಣ ಕೆಮ್ಮು.
ಆ ಕೆಮ್ಮೂ ಕಲಿತದ್ದೋ ಏನೋ.
ನನಗೆ ಸಂಶಯದ ಚಟ.

ನಗಬಾರದು. ನಾನೂ ಹೀಗೇ ಒಳಗೆ ಬಂದವ.
ಹನ್ನೊಂದು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ
ಅರ್ಥವಾಗದ ಬೈನರಿ ಮರವೊಂದನ್ನು,
ಬೇರು ಮೇಲೆ, ಎಲೆ ಕೆಳಗೆ,
ಕಣ್ಣುಮುಚ್ಚಿ ಹತ್ತಿ ಇಳಿದೆ.
ಆಮೇಲೆ ಆ ಮರ ಎಲ್ಲಿಯೂ ಎದುರಾಗಲಿಲ್ಲ, ಸತ್ಯವಾಗಿ.
ಎದುರಾದದ್ದು ದಕ್ಕೆಯ ಲೆಕ್ಕ.

ದಕ್ಕೆಯ ಲೆಕ್ಕವೆಂದರೆ
ಮಂಜುಗಡ್ಡೆ ಕಂಪೆನಿಯ ಗುಮಾಸ್ತರು, ಪದ್ಮರಾಜ ಇಂದ್ರರು,
ಮೀನು ತಿನ್ನದವರು, ರಾತ್ರಿ ಕೂತು
ಯಾರನ್ನೂ ಕೇಳದೆ ಬರೆದ ಪ್ರೋಗ್ರಾಂ.
ಅದರಲ್ಲಿ ಹೆಸರುಗಳೆಲ್ಲ ಬಂಗುಡೆ-ಒಂದು, ಬಂಗುಡೆ-ಎರಡು,
ಬೂತಾಯಿ-ಹಳೆಯದು, ಬೂತಾಯಿ-ನಿಜವಾದದ್ದು.
ನಡುವೆ ಒಂದು ಟಿಪ್ಪಣಿ:
"ಈ ಸಾಲು ಮುಟ್ಟಬೇಡಿ. ಯಾಕೆಂದು ನನಗೂ ಮರೆತಿದೆ."
ಅವರನ್ನು ಈ ಹಾಳೆಯೆದುರು ಕೂರಿಸಿದ್ದರೆ
ಇಪ್ಪತ್ತೆರಡಕ್ಕೆ ಎರಡೂ ಬರುತ್ತಿರಲಿಲ್ಲ.
ಪ್ರೋಗ್ರಾಂ ಇಂದಿಗೂ ಓಡುತ್ತದೆ, ಬಿಲ್ಲು ಕೊಡುತ್ತದೆ,
ವರ್ಷಕ್ಕೊಮ್ಮೆ ಮಾತ್ರ ಸಾಯುತ್ತದೆ.

ಹಾಳೆ ಮಗುಚಿಟ್ಟೆ. ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ.
ಹನ್ನೆರಡು ಸಾಲು: ದಿನದ ಹಣವನ್ನು ಕೂಡು,
ಬಂದ ಬೋಟುಗಳಿಂದ ಭಾಗಿಸು, ಸರಾಸರಿ ಬರೆ.
"ಇದು ಯಾವಾಗ ಕೆಡುತ್ತದೆ?"

"ಟೈಮ್ ಕಾಂಪ್ಲೆಕ್ಸಿಟಿ ಓ ಆಫ್ ಎನ್, ಸರ್."
"ಅದು ಹೌದು."
"ಸ್ಪೇಸ್..."
"ಅದೂ ಹೌದು."
ಅಲ್ಲಿಗೆ ಬಾಯಿಪಾಠದ ದಡ ಮುಗಿಯಿತು.
ಫ್ಯಾನಿನ ಕಟಕಟ. ಕೆಳಗೆ ಯಾರದೋ ಹೆಸರು ಕೂಗಿದರು.
ಅವಳ ತುಟಿ ಅಲ್ಲಾಡುತ್ತಿತ್ತು, ಒಳಗೆ ಪುಟ ಮಗುಚುವ ಹಾಗೆ,
ಇಲ್ಲದ ಪುಟ.
ನಾನು ಗಡಿಯಾರ ನೋಡಲಿಲ್ಲ; ನೋಡಿದಂತೆ ಕಂಡಿರಬಹುದು.

ಎಷ್ಟೋ ಹೊತ್ತಿಗೆ, ಕಲಿತ ದನಿ ಬಿಟ್ಟು,
ಬಸ್ಸಿನಲ್ಲಿ ಬಾಕಿ ಚಿಲ್ಲರೆ ಕೇಳುವ ದನಿಯಲ್ಲಿ:
"ಸರ್, ಜೂನಲ್ಲಿ ಬೋಟು ಹೋಗುವುದಿಲ್ಲಲ್ಲ.
ಆಗ ಎಂತ ಮಾಡ್ತದೆ ಇದು?"

ಸೊನ್ನೆ.
ಸೊನ್ನೆಯಿಂದ ಭಾಗಿಸಲು ಹೋಗಿ
ಪ್ರತಿ ಜೂನ್ ಒಂದಕ್ಕೆ ಬೋರಲು ಬೀಳುವ ಪದ್ಮರಾಜರ ಲೆಕ್ಕ.
ಅದು ತಿಳಿಯಲು ನನಗೆ ನಾಲ್ಕು ಮಳೆಗಾಲ ಬೇಕಾಯಿತು.
ಇನ್ನೂ ಸರಿಮಾಡಿಲ್ಲ.
ಮುಟ್ಟಬೇಡಿ ಎಂದು ಬರೆದಿದೆಯಲ್ಲ.

ಇದು ಪ್ರೋಗ್ರಾಮಿಂಗೋ, ಕೋಟೆಪುರದಲ್ಲಿ ಹುಟ್ಟಿದ್ದೋ?
ಪುತ್ತೂರಿನ ಹುಡುಗನಿಗೆ ಜೂನ್ ಎಂದರೆ ಬರೀ ಶಾಲೆ ಶುರು.
ಹೊಳೆಯದಿದ್ದರೆ ಅವನು ದಡ್ಡನೇ?
ಮತ್ತೆ, ಸೊನ್ನೆಯಿಂದ ಭಾಗಿಸಬಾರದೆಂದು
ಇವಳಿಗೂ ಯಾರೋ ಒಮ್ಮೆ
ಬಾಯಿಪಾಠ ಮಾಡಿಸಿದ್ದೇ ತಾನೆ?

ಕಳೆದ ತಿಂಗಳು ವಲೇರಿಯನ್ ಎಂಬವ ಬಂದಿದ್ದ.
ಲಿಸ್ಟ್ ತಿರುಗಿಸಲಾಗದೆ ಬೆವರಿ, ನೀರು ಕುಡಿದು ಹೋದ.
ಅವನ ಕಡೆಗೆ ನಾನು ಲ್ಯಾಪ್‌ಟಾಪ್ ತಿರುಗಿಸಿರಲಿಲ್ಲ.

ಸಂಜೆ ಸೆರಾವೊ ಮೇಡಂ ಕರೆ: "ಹತ್ತಕ್ಕೆ ಎಷ್ಟು?"
ಫಾರ್ಮಿನಲ್ಲಿ ಒಂದೇ ಚೌಕ, ಒಂದೇ ಅಂಕೆ ಹಿಡಿಯುವಷ್ಟು.
"ವಲೇರಿಯನ್‌ನ ನಂಬರ್ ಉಂಟಾ, ಮೇಡಂ?" ಎಂದೆ.
"ಯಾವ ನಂಬರ್? ಮಾರ್ಕಾ, ಫೋನಾ?"